ಆರೂವರೆಯ ಗೇಟು

ಇಂಡಿ ತಾಲ್ಲೂಕಿನ ಹಿರಿಯರೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು, ಬರೆದಿದ್ದಾರೆ. ಮಗಳು ವಿಜಯಪುರದ ಹಾಸ್ಟೆಲ್ಲಿನಲ್ಲಿದ್ದು ಎಂ.ಎ. ಓದುತ್ತಿದ್ದಾಳೆ. “ಪೇಪರ್ ತೆರೆದರೆ ಎದಿ ನಡುಗತೈತಿ. ವಿಶ್ವವಿದ್ಯಾಲಯದವರು ಕಾಂಪೌಂಡ್ ಎತ್ತರಿಸಲಿ, ಮೂಲೆಮೂಲೆಗೂ ಕ್ಯಾಮೆರಾ ಹಾಕಲಿ, ಸಂಜೆ ಆರಕ್ಕೆ ಹುಡುಗಿಯರ ಗೇಟ್ ಬಂದ್ ಮಾಡಲಿ. ನಿಮ್ಮ ಪತ್ರಿಕೆ ಇದನ್ನು ಒತ್ತಾಯಿಸಬೇಕು” ಎಂಬುದು ಅವರ ಮಾತು.

ಯಜಮಾನರೆ, ಶರಣು. ಮಗಳನ್ನು ಎಂ.ಎ.ವರೆಗೆ ಓದಿಸುತ್ತಿರುವ ತಂದೆಯ ಪತ್ರವೆಂದು ಎರಡು ಸಲ ಓದಿದೆ. ಕ್ಯಾಮೆರಾ ಬೇಡ ಎನ್ನಲಾರೆ, ಕೋರ್ಟಿನಲ್ಲಿ ಸಾಕ್ಷಿಗೆ ಬೇಕಾಗುತ್ತದೆ. ಆದರೆ 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಲೇಜಿನ ಆವರಣದಲ್ಲೇ ವಿದ್ಯಾರ್ಥಿನಿಯ ಕೊಲೆಯಾದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ಕ್ಯಾಮೆರಾವೂ ಇತ್ತು. ಅದು ಕಂಡದ್ದನ್ನು ನಾಡೆಲ್ಲ ಮೊಬೈಲಿನಲ್ಲಿ ನೋಡಿತು, ಹುಡುಗಿ ಉಳಿಯಲಿಲ್ಲ.

ಆರು ಗಂಟೆಯ ಗೇಟಿನ ಮಾತಿಗೆ ಬರುತ್ತೇನೆ. ಅದರ ರುಚಿ ಉಂಡವಳು ನಾನು.

1986. ಈಗಿನ ವಿಜಯಪುರ ಆಗ ಬಿಜಾಪುರ. ಬಿ.ಎ. ಓದುತ್ತಿದ್ದೆ. ಒಂದು ಸಂಜೆ ಲೈಬ್ರರಿಯಿಂದ ಗಾಂಧಿ ಚೌಕ ದಾಟಿ ಬರುವಾಗ ಒಬ್ಬ ಬೆನ್ನು ಹತ್ತಿದ. ನಾನು ಬಿರಬಿರನೆ ನಡೆದರೆ ಅವನೂ ಬಿರಬಿರನೆ. ಓಣಿಯ ಮೂಲೆಯ ಖಾನಾವಳಿಯ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ನನ್ನ ಮುಖ ನೋಡಿದವಳೇ ಹಿಟ್ಟಿನ ಕೈಯಲ್ಲೇ ಎದ್ದು ಬಂದು ನನ್ನ ರಟ್ಟೆ ಹಿಡಿದು ಒಳಗೆಳೆದುಕೊಂಡಳು. “ಯಾಂವಪಾ ನೀ? ಯಾರ ಮಗಾ?” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಎದುರಿನ ಸೈಕಲ್ ಅಂಗಡಿಯವನು ಪಾನಾ ಕೆಳಗಿಟ್ಟು ಎದ್ದು ನಿಂತ. ಬೆನ್ನು ಹತ್ತಿದವನು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಿದ. ಹಾಸ್ಟೆಲ್ ಮುಟ್ಟುವವರೆಗೂ ನನ್ನ ತೋಳಿನ ಮೇಲೆ ಅಕ್ಕನ ಐದು ಬೆರಳು ಜೋಳದ ಹಿಟ್ಟಿನಲ್ಲಿ ಮೂಡಿದ್ದವು.

ಮರುದಿನ ವಾರ್ಡನ್ನರಿಗೆ ಹೇಳಿದೆ. “ಹೊತ್ತು ಮುಳುಗಿದ ಮ್ಯಾಲೆ ಹೊರಗ ನಿನಗೇನು ಕೆಲಸಿತ್ತು?” ಎಂದರು. ಆ ವಾರವೇ ಎಂಟರ ಗೇಟು ಆರೂವರೆಗೆ ಇಳಿಯಿತು. ಅವನಿಗೆ ಏನೂ ಆಗಲಿಲ್ಲ, ನಲವತ್ತು ಹುಡುಗಿಯರ ಲೈಬ್ರರಿ ಹೋಯಿತು. ಗೆಳತಿಯರು ನನ್ನೊಡನೆ ಮಾತು ಬಿಟ್ಟರು. ಆಮೇಲೆ ಎರಡು ವರ್ಷ ಯಾರೂ ವಾರ್ಡನ್ನರ ಬಾಗಿಲು ಬಡಿಯಲಿಲ್ಲ. ನುಂಗಿಕೊಂಡ ಪ್ರಸಂಗಗಳಲ್ಲಿ ಮೂರು ನನಗೇ ಗೊತ್ತಿವೆ.

ನಿಮ್ಮ ಮಗಳೂ ಹಾಗೆ ನುಂಗಿಕೊಳ್ಳಬೇಕೆ? ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2015ರ ನಿಯಮಗಳಲ್ಲೇ ಇದೆ: ಸುರಕ್ಷತೆಯ ಹೆಸರು ಹೇಳಿ, ಹುಡುಗರಿಗಿಲ್ಲದ ಕಟ್ಟುಪಾಡನ್ನು ಹುಡುಗಿಯರ ಹಾಸ್ಟೆಲ್ಲಿಗೆ ಹೇರುವಂತಿಲ್ಲ. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ದೂರು ಸಮಿತಿ ಇರಲೇಬೇಕು. ಹಿರಿಯ ಮಹಿಳೆಯೊಬ್ಬರು ಅದರ ಅಧ್ಯಕ್ಷೆ, ಸಂಸ್ಥೆಯ ಹೊರಗಿನವರೊಬ್ಬರು ಸದಸ್ಯರು. ವಿದ್ಯಾರ್ಥಿಗಳ ವಿಷಯವಾದರೆ ಚುನಾಯಿತ ವಿದ್ಯಾರ್ಥಿಗಳು ಮೂವರು. ವಿಚಾರಣೆ 90 ದಿನದೊಳಗೆ ಮುಗಿಯಬೇಕು. ಇಷ್ಟೆಲ್ಲ ಇದ್ದೂ, ಆ ಸಮಿತಿಯಲ್ಲಿ ಯಾರಿದ್ದಾರೆಂದು ನಮ್ಮ ಕಚೇರಿಗೆ ಬರುವ ಹುಡುಗಿಯರನ್ನು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ನನ್ನನ್ನು ಉಳಿಸಿದ್ದು ಜನರಿದ್ದ ಓಣಿ. ನಾವು ವಿಶ್ವವಿದ್ಯಾಲಯಗಳನ್ನು ಅಂಥ ಓಣಿಗಳಿಂದ ದೂರ ಒಯ್ದೆವು. 2003ರಲ್ಲಿ ಹುಟ್ಟಿದ ಮಹಿಳಾ ವಿಶ್ವವಿದ್ಯಾಲಯ, ಈಗ ಅಕ್ಕಮಹಾದೇವಿಯ ಹೆಸರಿನದು, ಊರಾಚೆ ತೊರವಿಯಲ್ಲಿದೆ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವನ್ನು ಹೆದ್ದಾರಿ ಬದಿಯ ಭೂತರಾಮನಹಟ್ಟಿಯಲ್ಲಿ ಮಾಡಿದರು. ಎಕರೆಗಟ್ಟಲೆ ಜಾಗ ಬೇಕು, ಒಪ್ಪುತ್ತೇನೆ. ಜಾಗದ ಜೊತೆಗೆ ದೀಪ, ಬಸ್ಸು, ರಾತ್ರಿ ಒಂಬತ್ತರವರೆಗೆ ತೆರೆದಿರುವ ಚಹಾದಂಗಡಿಯೂ ಹೋಗಬೇಕಿತ್ತಲ್ಲ? 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಬಹಳ ದೊಡ್ಡ ಕೆಲಸ ಅದು. ಆದರೆ ಏಳರ ಮೇಲೆ ಕೈ ಮಾಡಿದರೂ ನಿಲ್ಲದ ಬಸ್ಸು ಪುಕ್ಕಟೆಯಾದರೇನು? ಆಗ ಟಂಟಂ ಆಟೊ ಹತ್ತಬೇಕು, ಅದೂ ತುಂಬಿದರೆ ಕತ್ತಲಲ್ಲಿ ನಡೆಯಬೇಕು.

ಕಾವಲಿನವರ ಗತಿಯನ್ನೂ ನೋಡಿ. ಬಹಳ ಕಡೆ ಹೊರಗುತ್ತಿಗೆ. ಗುತ್ತಿಗೆದಾರ ಬದಲಾದರೆ ಗೇಟಿನ ಮುಖವೂ ಬದಲು. ಮೂರು ತಿಂಗಳ ಪಗಾರ ಬಾಕಿ ಇರುವ ಮನುಷ್ಯನಿಗೆ ಯಾವ ಹುಡುಗಿ ಯಾವ ಊರಿನವಳೆಂದು ಹೇಗೆ ಗೊತ್ತಾಗಬೇಕು? ಗೊತ್ತಿಲ್ಲದವಳಿಗಾಗಿ ಅವನು ಹಿಟ್ಟಿನ ಕೈಯಲ್ಲಿ ಎದ್ದು ಬಂದಾನೆಯೆ? ಇಪ್ಪತ್ತು ವರ್ಷ ಒಂದೇ ಗೇಟಿನಲ್ಲಿ ಕೂತು, “ಯವ್ವಾ, ಯಾಕ ಹೊತ್ತಾತು, ಉಂಡಿ ಇಲ್ಲೋ?” ಎಂದು ಕೇಳುತ್ತಿದ್ದ ಕಾಯಂ ಸಿಪಾಯಿಯ ಹುದ್ದೆ ಈಗ ಖಾಲಿಯಿದ್ದರೆ ತುಂಬುವವರಿಲ್ಲ. ಗೋಡೆಗೆ ಮಾತ್ರ ಪ್ರತಿ ವರ್ಷ ಟೆಂಡರ್.

ಮುಂದಿನ ಸಲ ಮಗಳನ್ನು ಕಾಣಲು ಬಂದಾಗ ಆಫೀಸಿನಲ್ಲಿ ದೂರು ಸಮಿತಿಯವರ ಹೆಸರು, ನಂಬರು ಕೇಳಿ ಬರೆದುಕೊಳ್ಳಿ. ಸಂಜೆ ಏಳಕ್ಕೆ ಮಗಳ ಜೊತೆ ಬಸ್‌ಸ್ಟಾಪಿನಿಂದ ಹಾಸ್ಟೆಲ್ಲಿನವರೆಗೆ ಒಮ್ಮೆ ನಡೆಯಿರಿ. ಯಾವ ಕಂಬದ ದೀಪ ಹತ್ತುವುದಿಲ್ಲವೆಂದು ಅವಳಿಗೆ ಗೊತ್ತಿರುತ್ತದೆ. ಆ ಕಂಬದ ನಂಬರ್ ನನಗೆ ಬರೆದು ಕಳಿಸಿ, ಬರುವ ಸಂಚಿಕೆಯ ಮೊದಲ ಪುಟದಲ್ಲಿ ಹಾಕುತ್ತೇನೆ.

— ಸಂಪಾದಕಿ