ಓದುಗರ ಪ್ರಶ್ನೆ: ಕೆವಿಪಿವೈ ನಿಂತ ಮೇಲೆ ಯಾವ ದಾರಿ?

ಪ್ರಶ್ನೆ: ನಾನು ಸರ್ಕಾರಿ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎಸ್‌ಸಿ. ಭೌತವಿಜ್ಞಾನ ಓದುತ್ತಿದ್ದೇನೆ. ವಿಜ್ಞಾನ ವಿದ್ಯಾರ್ಥಿಗಳ ಫೆಲೋಶಿಪ್ಪಿನ ಕೆವಿಪಿವೈ (ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ) ಪರೀಕ್ಷೆ ಬರೆಯಬಹುದೇ? ಬೇರೆ ಫೆಲೋಶಿಪ್‌ಗಳಿವೆಯೇ?
– ಓದುಗರು, ಹಾಸನ

ಉತ್ತರ: ಕೆವಿಪಿವೈ 2022ರಲ್ಲೇ ನಿಂತು, ವಿಜ್ಞಾನ ಓದುವವರಿಗೆ ನೆರವಾಗುವ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಯೋಜನೆಯಲ್ಲಿ ವಿಲೀನವಾಯಿತು, ಹಳೆಯ ಪಟ್ಟಿಗಳನ್ನು ನಂಬಿ ಕಾಯಬೇಡಿ. ವರ್ಷಕ್ಕೆ 80,000 ರೂಪಾಯಿಯ ಇನ್‌ಸ್ಪೈರ್ ವಿದ್ಯಾರ್ಥಿವೇತನಕ್ಕೆ ಪದವಿಯ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕಾದ್ದರಿಂದ ಅದೂ ನಿಮಗೆ ಸಿಗದು.

ನಿಮಗೆ ನಿಜವಾಗಿ ಒಗ್ಗುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಇನ್ನೆರಡು ಅಕಾಡೆಮಿಗಳೊಂದಿಗೆ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್. ಆಯ್ಕೆಯಾದವರು ಸುಮಾರು ಎರಡು ತಿಂಗಳು ವಿಜ್ಞಾನಿಯೊಬ್ಬರ ಮಾರ್ಗದರ್ಶನದಲ್ಲಿ ದುಡಿಯುತ್ತಾರೆ, ಸ್ಟೈಪೆಂಡೂ ಇರುತ್ತದೆ. ಬೇಸಿಗೆಯ ಕಾರ್ಯಕ್ರಮವೆಂದು ಮಾರ್ಚ್‌ವರೆಗೆ ಸುಮ್ಮನಿದ್ದರೆ ಕೆಟ್ಟಿತು, ಅರ್ಜಿಯ ಗಡುವು ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಯಲ್ಲೇ ಮುಗಿಯುತ್ತದೆ.

ಅಂಕಗಳ ಜೊತೆಗೆ ಅಧ್ಯಾಪಕರ ಶಿಫಾರಸು ಪತ್ರ ಮತ್ತು ನಿಮ್ಮ ಆಸಕ್ತಿಯನ್ನು ಕುರಿತ ಪುಟ್ಟ ಬರಹವೂ ಬೇಕು. 'ಬಾಲ್ಯದಿಂದಲೂ ವಿಜ್ಞಾನವೆಂದರೆ ಪ್ರೀತಿ' ಎಂಬ ವಾಕ್ಯವನ್ನು ಎಲ್ಲರೂ ಬರೆಯುತ್ತಾರೆ. ಅದರ ಬದಲು, ಪ್ರಯೋಗಾಲಯದಲ್ಲಿ ಗ್ರೇಟಿಂಗ್ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ, ಸೂಕ್ಷ್ಮ ಗೀರುಗಳ ಫಲಕ) ಇಟ್ಟು ಸೋಡಿಯಂ ದೀಪದ ಜೋಡಿ ಹಳದಿ ರೇಖೆಗಳನ್ನು ಬೇರ್ಪಡಿಸಿ ನೋಡಿದಾಗ ನಿಮ್ಮಲ್ಲಿ ಎದ್ದ ಪ್ರಶ್ನೆಯೇನು, ಉತ್ತರಕ್ಕಾಗಿ ಏನನ್ನು ಓದಿದಿರಿ ಎಂಬುದನ್ನು ಬರೆಯಿರಿ. ಶಿಫಾರಸನ್ನೂ ಪ್ರಾಂಶುಪಾಲರ ಹುದ್ದೆ ನೋಡಿ ಕೇಳುವುದಕ್ಕಿಂತ, ನಿಮ್ಮ ರೆಕಾರ್ಡ್ ಪುಸ್ತಕ ತಿದ್ದಿದ ಅಧ್ಯಾಪಕರಿಂದ ಪಡೆಯುವುದು ಲೇಸು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಬೇಸಿಗೆ ಫೆಲೋಶಿಪ್ ಪ್ರಕಟಣೆಯನ್ನೂ ಗಮನಿಸಿ. ಶುಲ್ಕದ ನೆರವಿಗೆ ರಾಜ್ಯದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್ ಇದೆ. ನೆರವಿನ ಹಣ ಜಮೆಯಾಗುವ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ.