12 ರನ್ ಹಿಂದಿದ್ದರೂ ಎದ್ದು ಬರಬೇಡಿ

ಶಿಕಾಗೋದ ಬೇಸ್‌ಬಾಲ್ ಮೈದಾನ ರಿಗ್ಲಿ ಫೀಲ್ಡ್‌ಗೆ ಮೊದಲ ಸಲ ಮಧ್ಯಾಹ್ನದ ಆಟಕ್ಕೆ ಹೋಗ್ತಿದ್ದೀನಿ, ಅಲ್ಲಿನ ತಂಡ ಕಬ್ಸ್ ಸೋಲೋದು ಗ್ಯಾರಂಟಿ ಅನ್ನಿಸಿದರೆ ಮಧ್ಯದಲ್ಲೇ ಎದ್ದು ಬರಬಹುದಾ ಅಂತ ಕೇಳಿದ್ದೀರಿ. ಬರಬಹುದು, ಆದರೆ ಬೇಡ.

1979ರ ಮೇ 17ರ ಆಟ ಕೇಳಿ. ಅವತ್ತು ಗಾಳಿ ಪ್ರೇಕ್ಷಕರ ಕಡೆಗೆ ಜೋರಾಗಿ ಬೀಸುತ್ತಿತ್ತು. ಬೇಸ್‌ಬಾಲ್‌ನಲ್ಲಿ ಎರಡೂ ತಂಡ ಒಂದೊಂದು ಸಲ ಬ್ಯಾಟ್ ಮಾಡಿದರೆ ಒಂದು ಇನಿಂಗ್ಸ್, ಅಂಥವು ಒಂಬತ್ತು; ಸಮ ಆದರೆ ಮುಂದಕ್ಕೆ ಹೋಗುತ್ತೆ. ಮೊದಲ ಇನಿಂಗ್ಸ್‌ನಲ್ಲೇ ಎದುರಾಳಿ ಫಿಲಡೆಲ್ಫಿಯಾ ಫಿಲ್ಲೀಸ್ 7 ರನ್ ಹೊಡೆದರು, ಕಬ್ಸ್ ತಿರುಗಿ 6 ಹೊಡೆದರು. ಐದನೇ ಇನಿಂಗ್ಸ್ ಅರ್ಧ ಆಗುವಷ್ಟರಲ್ಲಿ ಫಿಲ್ಲೀಸ್ 21, ಕಬ್ಸ್ 9. ಕಥೆ ಮುಗೀತು ಅನ್ನಿಸುತ್ತೆ, ಅಲ್ವಾ? ಎಂಟನೇ ಇನಿಂಗ್ಸ್ ಮುಗಿದಾಗ 22-22! ಕಬ್ಸ್‌ನ ಡೇವ್ ಕಿಂಗ್‌ಮನ್ ಒಬ್ಬನೇ ಮೂರು ಹೋಮ್ ರನ್ (ನಮ್ಮ ಸಿಕ್ಸರ್ ಥರ ಬೇಲಿ ದಾಟೋ ಹೊಡೆತ) ಬಾರಿಸಿದ್ದ. ಕೊನೆಗೆ ಹತ್ತನೇ ಇನಿಂಗ್ಸ್‌ನಲ್ಲಿ ಮೈಕ್ ಶ್ಮಿಟ್ ಹೋಮ್ ರನ್ ಹೊಡೆದು ಫಿಲ್ಲೀಸ್ 23-22ರಲ್ಲಿ ಗೆದ್ದರು. ಪಾಪ, ಅಷ್ಟೆಲ್ಲ ಮಾಡಿ ಕಬ್ಸ್ ಸೋತರು.

ನಮ್ಮ ಒಂದು ದಿನದ ಕ್ರಿಕೆಟ್‌ನಲ್ಲಿ ಓವರ್ ಮುಗಿದರೆ ಮುಗೀತು. ಬೇಸ್‌ಬಾಲ್‌ನಲ್ಲಿ ಓವರ್ ಲೆಕ್ಕವೇ ಇಲ್ಲ, ಪ್ರತಿ ಸರದಿಯಲ್ಲೂ ಮೂರನೇ ಔಟ್ ಬೀಳೋವರೆಗೂ ಬ್ಯಾಟಿಂಗ್ ನಡೀತಾನೇ ಇರುತ್ತೆ, ಹಾಗಾಗಿ ಎಷ್ಟೇ ಹಿಂದೆ ಬಿದ್ದರೂ ಲೆಕ್ಕದ ಪ್ರಕಾರ ದಾರಿ ಇದ್ದೇ ಇರುತ್ತೆ.

ಒಳಗೆ ಹೋದ ತಕ್ಷಣ ಬಾವುಟ ಯಾವ ಕಡೆ ಹಾರುತ್ತಿದೆ ನೋಡಿ. ಹೊರಗಡೆಗೆ ಹಾರುತ್ತಿದ್ದರೆ ರನ್ ಜಾಸ್ತಿ ಬರಬಹುದು. ಬ್ಲೀಚರ್ಸ್‌ನಲ್ಲಿ (ಮೈದಾನದ ಬೇಲಿ ಆಚೆಯ ಗ್ಯಾಲರಿ) ಕೂತಾಗ ಎದುರಾಳಿಯ ಹೋಮ್ ರನ್ ಚೆಂಡು ನಿಮ್ಮ ಕೈಗೆ ಸಿಕ್ಕರೆ ವಾಪಸ್ ಮೈದಾನಕ್ಕೆ ಎಸೀರಿ, ಇಲ್ಲದಿದ್ದರೆ ಸುತ್ತ ಇರೋರು ಸುಮ್ನೆ ಬಿಡಲ್ಲ.