ಅಂಕ ಕದಲದ ಮೂರು ಪಿರಿಯಡ್

ಮಾನ್ಯರೇ,

ಒಂಬತ್ತನೇ ತರಗತಿಯ 45 ಮಕ್ಕಳಿಗೆ ಮೂರು ಪಿರಿಯಡ್ ಬಲದ ಪಾಠ ಮಾಡಿದಿರಿ, ಕಿರುಪರೀಕ್ಷೆಯ ಅಂಕ ಮಾತ್ರ ಇದ್ದಲ್ಲೇ ಇದೆ. ‘ಎಷ್ಟು ಬಲ ಹಾಕಿದರೂ ವಸ್ತು ಕದಲದಿದ್ದರೆ ಕೆಲಸ ಸೊನ್ನೆ ಎಂದು ನಾನೇ ಕಲಿಸುತ್ತೇನೆ. ಹಾಗಾದರೆ ನನ್ನ ಪಾಠವೂ ಸೊನ್ನೆಯೇ?’ ಎಂದು ಕೇಳಿದ್ದೀರಿ.

ಅಲ್ಲ. ನೀವು ಆರಿಸಿಕೊಂಡ ಹೋಲಿಕೆ ನಿಮಗೇ ಅನ್ಯಾಯ ಮಾಡುತ್ತಿದೆ. ಗೋಡೆ ತಳ್ಳುವುದನ್ನು ಬಿಟ್ಟು ಗುಪ್ತೋಷ್ಣವನ್ನು, ಅಂದರೆ ತಾಪ ಏರಿಸದೆ ಸ್ಥಿತಿ ಬದಲಿಸಲಷ್ಟೇ ಖರ್ಚಾಗುವ ಶಾಖವನ್ನು, ನೆನೆಯಿರಿ. 0 ಡಿಗ್ರಿಯ ಒಂದು ಗ್ರಾಂ ಮಂಜುಗಡ್ಡೆ ಅದೇ 0 ಡಿಗ್ರಿಯ ನೀರಾಗಲು ಸುಮಾರು 80 ಕ್ಯಾಲೊರಿ ಬೇಕು. ಅಷ್ಟೇ ಶಾಖ ಆ ನೀರನ್ನು 80 ಡಿಗ್ರಿಗೆ ಏರಿಸಬಲ್ಲದು; ಆದರೂ ಕರಗುವಷ್ಟು ಹೊತ್ತೂ ಉಷ್ಣಮಾಪಕ ಅಲ್ಲಾಡುವುದಿಲ್ಲ. ನಿಮ್ಮ ಕಿರುಪರೀಕ್ಷೆ ಅಂಥ ಉಷ್ಣಮಾಪಕ. ‘ಚಲಿಸುವ ವಸ್ತುವಿನ ಮೇಲೆ ಚಲನೆಯ ದಿಕ್ಕಿನಲ್ಲೇ ಬಲ ಇರಬೇಕು’ ಎಂಬ ತಪ್ಪು ನಂಬಿಕೆಯನ್ನು ಮಗು ಚಿಕ್ಕಂದಿನಿಂದ ಗಾಡಿ ತಳ್ಳಿ, ಹಗ್ಗ ಎಳೆದು ಕಟ್ಟಿಕೊಂಡಿದೆ. ಅದು ಸಡಿಲಾಗಲು ಹೊತ್ತು ಹಿಡಿಯುತ್ತದೆ.

ಆದರೆ ಇದನ್ನು ಬರಿಯ ಸಮಾಧಾನವಾಗಿ ಇಟ್ಟುಕೊಳ್ಳಬೇಡಿ. ಒಲೆ ಆರಿದ್ದರೂ ಉಷ್ಣಮಾಪಕ ಅಲ್ಲಾಡುವುದಿಲ್ಲ. ಕರಗುತ್ತಿದೆಯೋ, ಒಲೆಯೇ ಆರಿದೆಯೋ ತಿಳಿಯಲು ಒಂದು ಪ್ರಶ್ನೆ ಕೇಳಿ: ಮೇಲಕ್ಕೆಸೆದ ಚೆಂಡು ಇನ್ನೂ ಏರುತ್ತಿದೆ, ಗಾಳಿಯ ತಡೆ ಬಿಟ್ಟರೆ, ಅದರ ಮೇಲಿನ ಬಲ ಯಾವ ಕಡೆಗೆ? ಪ್ರತಿಯೊಬ್ಬರೂ ಮಾತಾಡದೆ ಉತ್ತರ ಬರೆಯಲಿ. ಕೈ ಎತ್ತಿಸಿದರೆ ಮುಂದಿನ ಬೆಂಚು ನೋಡಿ ಹಿಂದಿನವರೂ ಎತ್ತುತ್ತಾರೆ. ಬದಲಿಗೆ ಬರೆದದ್ದನ್ನು ಎದೆಯ ಹತ್ತಿರ ಬೆರಳಲ್ಲಿ ತೋರಿಸಲಿ. ಮೇಲಕ್ಕಾದರೆ 1, ಕೆಳಕ್ಕಾದರೆ 2, ಬಲವೇ ಇಲ್ಲ ಎಂದರೆ 3. ಸರಿ ಉತ್ತರ 2: ಕೈ ಬಿಟ್ಟ ಮೇಲೆ ಇರುವುದು ಭೂಮಿಯ ಸೆಳೆತ ಮಾತ್ರ.

ಮುಂದಿನದು ಹಾರ್ವರ್ಡ್‌ನ ಭೌತಶಾಸ್ತ್ರಜ್ಞ ಎರಿಕ್ ಮಜೂರ್ 1990ರ ದಶಕದಲ್ಲಿ ರೂಪಿಸಿದ ಕ್ರಮ. ಸರಿ ಉತ್ತರ ಶೇ 30ರಿಂದ 70, ಅಂದರೆ ನಿಮ್ಮಲ್ಲಿ 14ರಿಂದ 31 ಮಕ್ಕಳದ್ದು ಇದ್ದರೆ, ಬೇರೆ ಉತ್ತರ ಬರೆದ ಪಕ್ಕದವರೊಡನೆ ಎರಡು ಮೂರು ನಿಮಿಷ ವಾದಿಸಲು ಬಿಟ್ಟು ಮತ್ತೆ ಎಣಿಸಿ. ಕಡಿಮೆ ಇದ್ದರೆ ವಾದಕ್ಕೆ ಬಿಡಬೇಡಿ. ಸರಿ ತಿಳಿದವರು ಸಾಲದೆ ತಪ್ಪೇ ಗಟ್ಟಿಯಾಗುತ್ತದೆ. ಪ್ರಯೋಗ ತೋರಿಸಿ ಮತ್ತೆ ಕಲಿಸಿ. ಹೆಚ್ಚಿದ್ದರೆ ಚುಟುಕಾಗಿ ವಿವರಿಸಿ ಮುಂದೆ ಹೋಗಿ.

ಎಣಿಕೆ ಬದಲಾಗದಿದ್ದರೂ ಬೆಂಚುಗಳ ನಡುವೆ ಓಡಾಡಿ ಮಾತು ಕೇಳಿಸಿಕೊಳ್ಳಿ. ‘ಮೇಲಕ್ಕೇ’ ಎಂದು ಖಚಿತವಾಗಿ ಹೇಳುತ್ತಿದ್ದವನು ‘ಮೇಲಕ್ಕೆ... ಆದ್ರೆ ಕೈ ಬಿಟ್ಟಾಯ್ತಲ್ಲ?’ ಎಂದು ತಡವರಿಸಿದರೆ, ಅಲ್ಲಿ ಕರಗುತ್ತಿದೆ. ನಮ್ಮ ದೃಷ್ಟಿಯಲ್ಲಿ ಆ ತಡವರಿಕೆ ಒಂದು ಅಂಕಕ್ಕಿಂತ ದೊಡ್ಡದು.

ಮಂಜುಗಡ್ಡೆಗೆ ಪ್ರತಿ ಗ್ರಾಂಗೂ ಒಂದೇ ಲೆಕ್ಕ, ಮಕ್ಕಳಿಗೆ ಹಾಗಿಲ್ಲ. ಇಷ್ಟೇ ಪಿರಿಯಡ್ ಸಾಕೆಂದು ಮೊದಲೇ ಗೊತ್ತುಮಾಡಲಾಗದು. ಅಲ್ಲದೆ ತಳ್ಳುವುದು ನಿಂತರೆ ಗಾಡಿ ನಿಲ್ಲುವುದನ್ನು ಅವರು ದಿನವೂ ನೋಡುತ್ತಾರೆ, ಹಳೆಯ ನಂಬಿಕೆ ಮತ್ತೆ ಹೆಪ್ಪುಗಟ್ಟುತ್ತದೆ. ಎರಡು ವಾರ ಬಿಟ್ಟು ಕೇರಂ ಸ್ಟ್ರೈಕರಿನ ಪ್ರಶ್ನೆ ಹಾಕಿ: ಬೆರಳು ಬಿಟ್ಟ ಮೇಲೆ ಅದರ ಮೇಲೆ ಮುಂದಕ್ಕೆ ಬಲ ಇದೆಯೇ? ‘ಇಲ್ಲ, ಹಿಂದಕ್ಕೆ ಘರ್ಷಣೆ ಮಾತ್ರ’ ಎಂದು ಕಾರಣ ಸಮೇತ ಬರೆದವರನ್ನು ಎಣಿಸಿ ನಮಗೆ ಬರೆಯಿರಿ.

– ಸಂ.